ಪಿಎಸ್‌ಎ 6 ಬಂದಿದೆ: ಗ್ರಂಥಿ ಬೆಳೆದಿದೆಯೋ, ಕ್ಯಾನ್ಸರೋ?

ರಿಪೋರ್ಟಿನಲ್ಲಿ ಪಿಎಸ್‌ಎ 6 ಕಂಡರೆ ಮನೆಮಂದಿಯೆಲ್ಲ ಕಂಗಾಲಾಗುತ್ತಾರೆ. ಪಿಎಸ್‌ಎ ಎಂದರೆ ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಒಂದು ಪ್ರೋಟೀನ್, ರಕ್ತದಲ್ಲಿ ಅಳೆಯುತ್ತಾರೆ. ಪ್ರಾಸ್ಟೇಟ್ ಗ್ರಂಥಿ ವಯಸ್ಸಿನಿಂದ ದಪ್ಪಗಾದರೂ ಪಿಎಸ್‌ಎ ಏರುತ್ತದೆ, ಸೋಂಕಾದರೂ ಏರುತ್ತದೆ, ಕ್ಯಾನ್ಸರಾದರೂ ಏರುತ್ತದೆ. ಮಿಲಿಲೀಟರಿಗೆ 4ರಿಂದ 10 ನ್ಯಾನೋಗ್ರಾಂ ನಡುವೆ ಇರುವಾಗ ಆ ಒಂದೇ ಅಂಕಿ ನೋಡಿ ಯಾರೂ ತೀರ್ಪು ಕೊಡಬಾರದು.

ಇಲ್ಲಿ ಕೇಳಬೇಕಾದದ್ದು ಫ್ರೀ ಪಿಎಸ್‌ಎ. ರಕ್ತದಲ್ಲಿ ಬಹುಪಾಲು ಪಿಎಸ್‌ಎ ಬೇರೊಂದು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಸ್ವಲ್ಪ ಬಿಡಿಯಾಗಿ ಓಡಾಡುತ್ತದೆ. ಕ್ಯಾನ್ಸರಿನಲ್ಲಿ ಈ ಬಿಡಿ ಪಾಲು ಕುಗ್ಗುತ್ತದೆ. ಒಟ್ಟು 6, ಫ್ರೀ 0.5 ಇದ್ದರೆ ಶೇ. 8.3 ಆಯಿತು. ಶೇ. 10ಕ್ಕಿಂತ ಕೆಳಗಿದ್ದರೆ ಅನುಮಾನ ಬಲವಾಗಿಯೇ ಇರಬೇಕು; 25 ದಾಟಿದರೆ ಕ್ಯಾನ್ಸರಿನ ಸಾಧ್ಯತೆ ಕಡಿಮೆ, ಆದರೆ ಸೊನ್ನೆಯಲ್ಲ. ಗ್ರಂಥಿ ತುಂಬ ದೊಡ್ಡದಿದ್ದರೆ ಅದರ ಬಿಡಿ ಪಿಎಸ್‌ಎಯೇ ಹೆಚ್ಚಾಗಿ, ಸಣ್ಣ ಗೆಡ್ಡೆ ಮರೆಯಾಗಿಬಿಡಬಹುದು.

ಬಹಳಷ್ಟು ಎಡವಟ್ಟು ಆಗುವುದು ಟ್ಯೂಬಿನಲ್ಲೇ. ಫ್ರೀ ಪಿಎಸ್‌ಎ ಬೇಗ ಕೆಡುತ್ತದೆ. ರಕ್ತ ತೆಗೆದ ಮೂರು ಗಂಟೆಯೊಳಗೆ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಬೇರ್ಪಡಿಸಿ ತಣ್ಣಗಿಡದಿದ್ದರೆ ಫ್ರೀ ಇಳಿದು, ಒಟ್ಟು ಹೆಚ್ಚುಕಡಿಮೆ ಹಾಗೇ ಉಳಿದು, ಶೇಕಡಾವಾರು ಸುಳ್ಳೇ ತಗ್ಗುತ್ತದೆ. ಎರಡೂ ಒಂದೇ ಸ್ಯಾಂಪಲ್, ಒಂದೇ ಕಂಪನಿಯ ಕಿಟ್‌ನಲ್ಲಿ ಆಗಬೇಕು. ಒಟ್ಟು ಒಂದು ಲ್ಯಾಬಿನದು, ಫ್ರೀ ಇನ್ನೊಂದು ಲ್ಯಾಬಿನದು ಎಂದರೆ ಆ ಭಾಗಾಕಾರಕ್ಕೆ ಅರ್ಥವಿಲ್ಲ.

ಸ್ಕ್ಯಾನ್‌ನಲ್ಲಿ ಗ್ರಂಥಿಯ ಗಾತ್ರ ಸಿಕ್ಕಿದ್ದರೆ ಪಿಎಸ್‌ಎಯನ್ನು ಅದರಿಂದ ಭಾಗಿಸಿ. 80 ಮಿಲಿಲೀಟರ್ ಗ್ರಂಥಿಗೆ 6 ಅಂದರೆ 0.075, ನೆಮ್ಮದಿಯ ಅಂಕಿ. ಅದೇ 6, 30 ಮಿಲಿಲೀಟರಿನ ಗ್ರಂಥಿಗೆ 0.2. 0.15 ದಾಟಿದರೆ ಮುಂದಿನ ತಪಾಸಣೆ ಬೇಕು.

ಗ್ರಂಥಿ ಕುಗ್ಗಿಸುವ ಫಿನಾಸ್ಟರೈಡ್ ಅಥವಾ ಡ್ಯುಟಾಸ್ಟರೈಡ್ ಮಾತ್ರೆ ನುಂಗುತ್ತಿದ್ದೀರಾ? ಆರು ತಿಂಗಳಿಂದ ಒಂದು ವರ್ಷದಲ್ಲಿ ಪಿಎಸ್‌ಎ ಸುಮಾರು ಅರ್ಧಕ್ಕಿಳಿಯುತ್ತದೆ, ರಿಪೋರ್ಟಿನ 3.5 ಅನ್ನು 7 ಎಂದೇ ಓದಬೇಕು. ಮೂತ್ರ ಸಲೀಸಾಗಿಸುವ ಟ್ಯಾಮ್ಸುಲೋಸಿನ್ ಜೊತೆ ಬೆರೆಸಿದ ಮಾತ್ರೆಯಲ್ಲೂ ಡ್ಯುಟಾಸ್ಟರೈಡ್ ಇರುತ್ತದೆ, ಹೆಸರು ಓದಿ ನೋಡಿ. ಇಳಿದ ಪಿಎಸ್‌ಎ ಮಾತ್ರೆ ನಡೆಯುತ್ತಿರುವಾಗಲೇ ಮತ್ತೆ ಏರತೊಡಗಿದರೆ ಡಾಕ್ಟರಿಗೆ ತಕ್ಷಣ ಹೇಳಿ.

ಪಿಎಚ್‌ಐ (ಪ್ರಾಸ್ಟೇಟ್ ಹೆಲ್ತ್ ಇಂಡೆಕ್ಸ್) ಎಂಬ ರಕ್ತಪರೀಕ್ಷೆಯೂ ಇದೆ: ಫ್ರೀ ಪಿಎಸ್‌ಎಯದೇ ಒಂದು ರೂಪವಾದ ಪಿ2ಪಿಎಸ್‌ಎಯನ್ನು ಫ್ರೀ ಪಿಎಸ್‌ಎಯಿಂದ ಭಾಗಿಸಿ, ಒಟ್ಟು ಪಿಎಸ್‌ಎಯ ವರ್ಗಮೂಲದಿಂದ ಗುಣಿಸುತ್ತಾರೆ. ಫ್ರೀ ಪಾಲು 10 ಮತ್ತು 25ರ ನಡುವೆ ಸಿಕ್ಕಿಕೊಂಡವರಿಗೆ ಇದು ಉಪಯುಕ್ತ.

ಬಯಾಪ್ಸಿಗೆ (ಗ್ರಂಥಿಯ ಚೂರು ತೆಗೆದು ಪರೀಕ್ಷಿಸುವುದಕ್ಕೆ) ಮುನ್ನ ಪಿಎಸ್‌ಎ ಒಮ್ಮೆ ಮರುಪರೀಕ್ಷೆಯಾಗಲಿ. ಮೂತ್ರದ ಸೋಂಕು ಆಗಿದ್ದರೆ ಆರರಿಂದ ಎಂಟು ವಾರ ಬಿಡಿ. ಹಿಂದಿನ ಎರಡು ದಿನ ಸೈಕಲ್, ವೀರ್ಯಸ್ಖಲನ ಬೇಡ. ಆಮೇಲೂ ಏರಿಯೇ ಇದ್ದರೆ ಎಂಆರ್‌ಐ. ಗುದದ್ವಾರದ ಮೂಲಕ ಮುಟ್ಟಿ ನೋಡುವಾಗ ಗಟ್ಟಿ ಗಂಟು ಸಿಕ್ಕರಂತೂ, ಪಿಎಸ್‌ಎ 2 ಇದ್ದರೂ ಕಾಯುವಂತಿಲ್ಲ.