ಬಿಸ್ಕತ್ತು ಬಣ್ಣದ ಸೀಟಿಗೆ ಬೂದು ಬಣ್ಣ: ಕೆಲಸ ಎಲ್ಲಿಯವರೆಗೆ ಬಂತು

ಕಾರಿನ ಹಿಂದಿನ ಸೀಟಿಗೆ ಬಣ್ಣ ಹಚ್ಚಿ ಮುಗಿದಿದೆ, ಹಿಂಬದಿಯ ಬಾಗಿಲುಗಳ ಬಟ್ಟೆಯೂ ಮುಗಿದಿದೆ. ಮುಂದಿನ ಸೀಟುಗಳನ್ನು ಇನ್ನೂ ಮುಟ್ಟಿಲ್ಲ. ಸದ್ಯಕ್ಕೆ ನಮ್ಮ ಹಳೆಯ ಡಿಜೈರಿನ ಒಳಗೆ ಇಣುಕಿದರೆ ಎರಡು ಬೇರೆ ಕಾರುಗಳನ್ನು ಕತ್ತರಿಸಿ ಬೆಸೆದಂತೆ ಕಾಣುತ್ತದೆ.

ಬಿಸ್ಕತ್ತು ಬಣ್ಣದ ಒಳಾಂಗಣ ಷೋರೂಮಿನ ದೀಪದಡಿ ಎಷ್ಟು ಚೆಂದವೋ, ಮಂಡ್ಯದ ಕಬ್ಬಿನ ಗದ್ದೆಗೆ ವಾರವಾರವೂ ಹೋಗಿಬರುವ ಕುಟುಂಬಕ್ಕೆ ಅಷ್ಟೇ ಶಿಕ್ಷೆ. ಕೆಸರು, ಕಾಫಿ, ಬೆಲ್ಲ, ಆಯುಧಪೂಜೆಯ ಅರಿಸಿನ ಕುಂಕುಮ ಎಲ್ಲವೂ ಅದರ ಮೇಲೆ ದಾಖಲಾಗಿವೆ. ಸೀಟ್ ಕವರ್ ಅಂಗಡಿಯಲ್ಲಿ ಕೇಳಿದರೆ ಒಂದೇ ಉತ್ತರ: ರೆಕ್ಸಿನ್ ಹಾಕಿಸಿ. ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ರೆಕ್ಸಿನ್ ಸೀಟಿನ ಮೇಲೆ ಬೆನ್ನಿಟ್ಟು ಕುಳಿತವರು ಆ ಸಲಹೆ ಕೊಡಲಾರರು. ನನಗೆ ಬಟ್ಟೆಯೇ ಬೇಕು, ಬಣ್ಣ ಮಾತ್ರ ಬೇರೆ.

ಬಣ್ಣ ಕೊಳ್ಳುವ ಮೊದಲು ಬಟ್ಟೆ ಯಾವುದೆಂದು ತಿಳಿಯಬೇಕು. ನಮ್ಮ ಹಿಂದಿನ ಬೀದಿಯಲ್ಲಿ ಬಣ್ಣದ ಮನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ರೇಷ್ಮೆ ನೂಲಿಗೆ ಬಣ್ಣ ಕಟ್ಟಿಯೇ ಆಯುಷ್ಯ ಕಳೆದವರು. ಸೀಟಿನ ಅಡಿಯಿಂದ ಕಿತ್ತ ಎಳೆಯನ್ನು ಅವರ ಮುಂದಿಟ್ಟೆ. ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿದರು. ಎಳೆ ಉರಿಗೆ ಮುಟ್ಟುವ ಮೊದಲೇ ಹಿಂದಕ್ಕೆ ಸುರುಟಿಕೊಂಡಿತು, ಕಪ್ಪು ಹೊಗೆ ಬಿಟ್ಟು ಕರಗಿತು, ತುದಿಯಲ್ಲಿ ಗಟ್ಟಿ ಮಣಿಯೊಂದು ಉಳಿಯಿತು. ಹತ್ತಿಯಾಗಿದ್ದರೆ ಕಾಗದದಂತೆ ಉರಿದು ಬೂದಿಯಾಗುತ್ತಿತ್ತು, ರೇಷ್ಮೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬರುತ್ತಿತ್ತು. “ಪಾಲಿಯೆಸ್ಟರ್ ಕಣಪ್ಪಾ, ಇದು ನಿನ್ನ ಪುಡಿ ಬಣ್ಣವನ್ನೆಲ್ಲ ಕುಡಿಯುವುದಿಲ್ಲ” ಎಂದರು.

ಕುಡಿಯದಿರಲು ಕಾರಣವಿದೆ. ರೇಷ್ಮೆ ಬಿಸಿನೀರಿನಲ್ಲಿ ಆಮ್ಲ ಬಣ್ಣಗಳನ್ನು ಸಲೀಸಾಗಿ ಹೀರುತ್ತದೆ. ನೈಲಾನ್ ಕೂಡ ಹಾಗೆಯೇ. ಪಾಲಿಯೆಸ್ಟರಿನ ಎಳೆ ಬಿಗಿ, ನೀರನ್ನೇ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದಕ್ಕೆ ಡಿಸ್ಪರ್ಸ್ ಎಂಬ ಬೇರೆಯೇ ಜಾತಿಯ ಬಣ್ಣ ಬೇಕು, ಒತ್ತಡದ ಪಾತ್ರೆಯಲ್ಲಿ ಸುಮಾರು 130 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಫೋಮಿಗೆ ಅಂಟಿಸಿದ ಸೀಟಿನ ಬಟ್ಟೆಯನ್ನು ಹಾಗೆ ಬೇಯಿಸುವಂತಿಲ್ಲ. ಆದ್ದರಿಂದ ಬಣ್ಣವನ್ನು ಎಳೆಯ ಒಳಕ್ಕೆ ಇಳಿಸುವ ಆಸೆ ಬಿಟ್ಟು ಎಳೆಯ ಮೇಲೆ ಹಿಡಿದು ನಿಲ್ಲಿಸಬೇಕು. ಟೀ-ಶರ್ಟ್ ಮುದ್ರಿಸುವವರು ಬಳಸುವ ಪಿಗ್ಮೆಂಟ್ ಎಂಬ ಕರಗದ ಬಣ್ಣ, ಅದನ್ನು ಹಿಡಿದಿಡುವ ಬೈಂಡರ್, ಇಸ್ತ್ರಿ ಇಲ್ಲದೆಯೂ ಗಟ್ಟಿಯಾಗಲು ಫಿಕ್ಸರ್: ಆ ಹಿರಿಯರ ಸಲಹೆ ಇದು. ಸಿದ್ಧ ಸ್ಪ್ರೇ ಡಬ್ಬಿಗಳಲ್ಲೂ ತತ್ವ ಇದೇ, ಬೆಲೆ ಮಾತ್ರ ಬೇರೆ.

ಬಣ್ಣಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ತೊಳೆಯುವ ಕೆಲಸ. ಮೇಲೆ ನಿಲ್ಲುವ ಬಣ್ಣಕ್ಕೆ ಜಿಡ್ಡೇ ಶತ್ರು. ಡ್ಯಾಷ್‌ಬೋರ್ಡಿಗೆ ಹಚ್ಚುವ ಹೊಳಪಿನ ಸಿಲಿಕೋನ್ ಬಟ್ಟೆಗೆ ಸಿಡಿದಿದ್ದರೆ ಅಲ್ಲಿ ಬಣ್ಣ ಕೂರುವುದಿಲ್ಲ, ಕಣ್ಣು ಕಣ್ಣಾಗಿ ಬಿಟ್ಟುಕೊಳ್ಳುತ್ತದೆ. ವ್ಯಾಕ್ಯೂಮ್, ಶಾಂಪೂ, ಒದ್ದೆ ಬಟ್ಟೆ, ಕೊನೆಗೆ ಜಿಡ್ಡು ತೆಗೆಯಲು ಐಸೊಪ್ರೊಪೈಲ್ ಆಲ್ಕೋಹಾಲ್. ಇಲ್ಲಿ ಒಂದು ತಮಾಷೆ ಆಯಿತು. ಮೂಲೆಯಲ್ಲಿದ್ದ ಹಳದಿ ಕಲೆಗೆ ಸೋಪಿನ ನೊರೆ ಬಿದ್ದೊಡನೆ ಕಣ್ಣೆದುರೇ ಅದು ಕೆಂಪಾಯಿತು. ಅರಿಸಿನ ಕ್ಷಾರಕ್ಕೆ ಕೆಂಪಾಗುತ್ತದೆ. ಸುಣ್ಣ ಸೇರಿಸಿ ಕುಂಕುಮ ಮಾಡುವುದೂ ಅದರಿಂದಲೇ. ನೀರಿಗೆ ನಿಂಬೆರಸ ಹಿಂಡಿ ಒರೆಸಿದಾಗ ಮತ್ತೆ ಹಳದಿಗೆ ತಿರುಗಿತು. ಆಮೇಲೆ ಸೀಟನ್ನು ತಾರಸಿಯ ಬಿಸಿಲಿಗಿಟ್ಟೆ. ಬಿಸಿಲಿಗೆ ಅರಿಸಿನ ತಾನಾಗಿ ಮಾಸುತ್ತದೆ, ಉಜ್ಜಿದ್ದರಿಂದ ಅಷ್ಟು ಹೋಗಿರಲಿಲ್ಲ.

ಕಪ್ಪು ಬೇಡವೆಂದು ಮೊದಲೇ ತೀರ್ಮಾನಿಸಿದ್ದೆ. ಕಪ್ಪು ಬಿಸಿಲನ್ನು ಕುಡಿಯುತ್ತದೆ, ಧೂಳನ್ನು ಎತ್ತಿ ತೋರಿಸುತ್ತದೆ. ಇದ್ದಿಲಿಗಿಂತ ಒಂದು ಮೆಟ್ಟಿಲು ತಿಳಿಯಾದ ಬೂದು ಸಾಕು. ತಿಳಿ ಬಣ್ಣದಿಂದ ಗಾಢಕ್ಕೆ ಹೋಗಬಹುದು, ಗಾಢದಿಂದ ತಿಳಿಗೆ ಬರುವ ದಾರಿ ಇಲ್ಲ. ಹಾಗಾಗಿ ಮೊದಲು ಸೀಟಿನ ಅಡಿಯ ಮಡಿಕೆಯಲ್ಲಿ ಹಚ್ಚಿ ಒಣಗಿಸಿ ನೋಡಿದೆ. ಮನೆಯವಳು ಅದನ್ನು ನೋಡಿ “ಸಿಮೆಂಟ್ ಬಣ್ಣವಾಯಿತಲ್ಲ” ಎಂದಳು. ತುಸು ಕಂದು ಬೆರೆಸಿದ ಮೇಲೆ ಒಪ್ಪಿಗೆ ಸಿಕ್ಕಿತು.

ಹಚ್ಚುವ ಕ್ರಮದಲ್ಲಿ ಒಂದೇ ಗುಟ್ಟು: ತೆಳು. ಬಣ್ಣವನ್ನು ಹಾಲಿನ ಹದಕ್ಕೆ ತೆಳುವಾಗಿಸಿ, ಪಂಚೆಯ ತುಂಡಿನಲ್ಲಿ ಸೋಸಿ, ಸಣ್ಣ ಸ್ಪ್ರೇ ಗನ್ನಿನಲ್ಲಿ ಮಂಜಿನಷ್ಟು ಹಾಯಿಸುತ್ತೇನೆ. ಹಸಿಯಾಗಿರುವಾಗಲೇ ಮೆತ್ತನೆಯ ಬ್ರಷ್‌ನಿಂದ ಎಳೆಗಳನ್ನು ಮೊದಲು ಒಂದು ದಿಕ್ಕಿಗೆ, ಮತ್ತೆ ಅಡ್ಡಕ್ಕೆ ಬಾಚುತ್ತೇನೆ. ಬಾಚದಿದ್ದರೆ ಎಳೆಗಳು ಒಂದಕ್ಕೊಂದು ಅಂಟಿ ಬಟ್ಟೆ ಹಪ್ಪಳದಂತೆ ಬಿರುಸಾಗುತ್ತದೆ. ಪೂರ್ತಿ ಒಣಗಿದ ಮೇಲಷ್ಟೇ ಮುಂದಿನ ಪದರ. ಮೊದಲ ಪದರದ ನಂತರ ಸೀಟು ಕಾಯಿಲೆ ಬಿದ್ದಂತೆ ಮಚ್ಚೆ ಮಚ್ಚೆಯಾಗಿತ್ತು, ಮೂರನೆಯದಕ್ಕೆ ಸಮನಾಯಿತು. ಕೊನೆಗೆ ಸೀಟನ್ನು ಕಾರಿಗೆ ಜೋಡಿಸಿ, ಗಾಜು ಒಂದಿಷ್ಟು ಇಳಿಸಿ ಮಧ್ಯಾಹ್ನದ ಬಿಸಿಲಿಗೆ ನಿಲ್ಲಿಸಿದೆ. ಒಳಗಿನ ಕಾವು ಸುಲಭವಾಗಿ 50 ಡಿಗ್ರಿ ದಾಟುತ್ತದೆ. ಬೈಂಡರಿಗೆ ಅಷ್ಟು ಶಾಖ ಉಪಕಾರವೇ.

ಒಣಗಿದ ಮೇಲೆ ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ಗಟ್ಟಿಯಾಗಿ ಉಜ್ಜಿದೆ. ಬಾಗಿಲಿನ ಬಟ್ಟೆಯಲ್ಲಿ ಏನೂ ಬರಲಿಲ್ಲ. ಸೀಟಿನ ಹೊಲಿಗೆಯ ಗೆರೆಯಲ್ಲಿ ಮಾತ್ರ ಬೂದು ಛಾಯೆ ಅಂಟಿತು. ಅಲ್ಲಿ ಬಣ್ಣ ಗುಡ್ಡೆಯಾಗಿ ನಿಂತು ತಡವಾಗಿ ಒಣಗುತ್ತದೆ. ಒಂದು ವಾರ ಬಿಟ್ಟು ಉಜ್ಜಿದಾಗ ಅದೂ ನಿಂತಿತ್ತು.

ಸೀಟ್ ಬೆಲ್ಟಿಗೆ ಬಣ್ಣ ಹಚ್ಚುವುದಿಲ್ಲ. ರಾಸಾಯನಿಕ ತಾಗಿ ಪಟ್ಟಿಯ ಬಲ ಕುಂದಿದರೆ ಅದು ಅಪಘಾತದ ದಿನವೇ ಗೊತ್ತಾಗುವುದು. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಕಾರುಗಳವರು ಆ ಹೊಲಿಗೆಯ ಹತ್ತಿರಕ್ಕೂ ಹೋಗಬಾರದು, ಅದು ಹರಿದುಕೊಂಡೇ ತೆರೆಯಬೇಕು. ನಮ್ಮದರಲ್ಲಿ ಅದಿಲ್ಲ. ಛಾವಣಿಯ ಬಟ್ಟೆಯನ್ನೂ ಬಿಟ್ಟಿದ್ದೇನೆ. ಹಳೆಯ ಕಾರಿನಲ್ಲಿ ಅದರ ಹಿಂದಿನ ಫೋಮ್ ಪುಡಿಯಾಗಿರುತ್ತದೆ, ಒದ್ದೆಯಾದರೆ ಜೋತು ಬೀಳುತ್ತದೆ. ಅಲ್ಲದೆ ತಲೆಯ ಮೇಲೆ ತಿಳಿ ಬಣ್ಣವಿದ್ದರೆ ಕಾರು ಅಗಲವಾಗಿ ತೋರುತ್ತದೆ.

ಇನ್ನು ಮುಂದಿನ ಸೀಟುಗಳು. ಮುಂಗಾರು ಹಿಡಿದರೆ ಪದರಗಳು ಒಣಗುವುದೇ ಇಲ್ಲ, ಆದ್ದರಿಂದ ಅಷ್ಟರೊಳಗೆ ಬಿಚ್ಚಬೇಕು. ಚಾಲಕನ ಸೀಟಿನ ಬಾಗಿಲ ಕಡೆಯ ಉಬ್ಬಿಗೆ ಹತ್ತುವಾಗ ಇಳಿಯುವಾಗ ಪ್ಯಾಂಟು ಉಜ್ಜುತ್ತದೆ, ಬಣ್ಣ ಮೊದಲು ಸವೆಯುವುದು ಅಲ್ಲಿಯೇ. ಆ ಜಾಗಕ್ಕೆ ಬೈಂಡರ್ ಸ್ವಲ್ಪ ಹೆಚ್ಚಿಸಿದ ಒಂದು ಪದರ ಹೆಚ್ಚುವರಿಯಾಗಿ ಹಾಯಿಸುವ ಯೋಚನೆಯಿದೆ. ಫಿಕ್ಸರ್ ಬೆರೆಸಿದ ಬಣ್ಣವನ್ನು ಬಹಳ ಹೊತ್ತು ಇಡಲಾಗದು, ಹಾಗಾಗಿ ಸೀಟು ತಾರಸಿಗೆ ಬಂದ ಮೇಲೆಯೇ ಕಲಸುತ್ತೇನೆ.