ಶುಗರ್ ಮಾತ್ರೆ ತಿಂದರೆ ಗಂಡಸ್ತನ ಹೋಗುತ್ತಾ?

ಶಿರಸಿಯಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡವನಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತು ನೋಡಿ ಬರುತ್ತಾರೆ. ಮೊದಲು ಕೆಮ್ಮಿನ ಔಷಧಿ ಕೇಳುತ್ತಾರೆ. ಆಮೇಲೆ ದನಿ ತಗ್ಗಿಸಿ, "ಭಾವ, ಶುಗರ್ ಮಾತ್ರೆ ತಿಂದ್ರೆ ಗಂಡಸ್ತನ ಹೋಗ್ತಡ, ಹೌದಾ?"

ಇಲ್ಲ. ನಿಮ್ಮಲ್ಲಿ ಹೆಚ್ಚಿನವರು ತಿನ್ನುವುದು ಮೆಟ್ಫಾರ್ಮಿನ್. ಅದರ ಮೇಲೆ ಈ ಅಪವಾದ ಹೊರಿಸಬೇಡಿ. ಹಾಳು ಮಾಡುವುದು ಹತೋಟಿಗೆ ಬಾರದ ಶುಗರ್.

ನನಗೆ ಸಿಟ್ಟು ಬರುವುದು ಯಾಕೆ ಅಂದರೆ, ಕೇಳಲಿಕ್ಕೆ ಬರುವ ಹೊತ್ತಿಗೆ ಬಹಳ ಜನ ಮಾತ್ರೆ ಬಿಟ್ಟು ಆಗಿರುತ್ತದೆ. ನನ್ನ ಬಾಯಲ್ಲಿ ಹೌದು ಅನ್ನಿಸಿಕೊಂಡು ಹೋಗಲಿಕ್ಕೆ ಬರುತ್ತಾರೆ, ಅಷ್ಟೆ.

ಒಬ್ಬರು ಅಡಿಕೆ ತೋಟದವರು, ನಲವತ್ತು ದಾಟಿದ ವಯಸ್ಸು. ತುಂಬಿದ ಎರಡು ಸ್ಟ್ರಿಪ್ ಗಾಜಿನ ಮೇಲಿಟ್ಟು "ಇದನ್ನ ವಾಪಸ್ ತಗಳ್ಳಿ" ಎಂದರು. ಮಾತ್ರೆ ಶುರು ಮಾಡಿದ ಮೇಲೇ ಎಲ್ಲ ಕೆಟ್ಟಿತು ಎಂಬುದು ಅವರ ವಾದ. ರಿಪೋರ್ಟ್ ತೋರಿಸಿ ಅಂದೆ. ಕವಳದ ಸಂಚಿಯಿಂದ ತೆಗೆದರು. ನಾಲ್ಕು ಮಡಿಕೆಯ ಕಾಗದ, ಮೂಲೆಗೆ ಸುಣ್ಣ ಹತ್ತಿತ್ತು. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ HbA1c 9.8. ಅದು 6.5 ಮುಟ್ಟಿದರೇ ಸಕ್ಕರೆ ಕಾಯಿಲೆ ಅನ್ನುತ್ತಾರೆ.

ರಾತ್ರಿ ಉಚ್ಚೆಗೆ ಏಳುವುದು ಯಾವಾಗಿಂದ ಎಂದು ಕೇಳಿದೆ. "ಮಾರಿಜಾತ್ರೆ ಹೊತ್ತಿಗೇ ಮೂರು ಸಲ ಏಳ್ತಿದ್ದೆ" ಎಂದರು. ಮತ್ತೆ ಆ ಇನ್ನೊಂದು ತೊಂದರೆ? ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೂ ಹೆಚ್ಚುಕಮ್ಮಿ ಆಗಿಂದ್ಲೇ" ಎಂದರು. ಮಾತ್ರೆ ಶುರುವಾಗಿದ್ದು ದೀಪಾವಳಿಗೆ. ನಡುವೆ ಇಡೀ ಒಂದು ಮಳೆಗಾಲ ಕಳೆದಿತ್ತು.

ಎಲ್ಲರದ್ದೂ ಬಹುತೇಕ ಇದೇ ಕಥೆ. ಮಾತ್ರೆ ಕೊಡುವುದು ಕಾಯಿಲೆ ಪತ್ತೆಯಾದ ಮೇಲೆ. ಕಾಯಿಲೆ ಅದಕ್ಕೂ ಎಷ್ಟೋ ಮೊದಲೇ ಒಳಗೆ ಕೆಲಸ ಶುರು ಮಾಡಿರುತ್ತದೆ. ರಕ್ತದ ಶುಗರ್ ಸುಮಾರು 180 ದಾಟಿದರೆ ಕಿಡ್ನಿ ತಡೆಯಲಾರದೆ ಉಚ್ಚೆಗೆ ಬಿಡುತ್ತದೆ. ಸಕ್ಕರೆ ತನ್ನ ಜೊತೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ರಾತ್ರಿ ಏಳಬೇಕಾಗುವುದು, ಅದಕ್ಕೇ ಬಾಯಾರಿಕೆ. ಜನನಾಂಗದ ತುದಿಯ ಚರ್ಮ ಕೆಂಪಾಗಿ ತುರಿಸುವುದಕ್ಕೂ ಎಷ್ಟೋ ಸಲ ಇದೇ ಕಾರಣ. ಸಕ್ಕರೆ ಸಿಕ್ಕಲ್ಲಿ ಫಂಗಸ್ ಬೆಳೆಯುತ್ತದೆ. ತಿಂಗಳು ತಿಂಗಳೂ ತುರಿಕೆ ಮುಲಾಮು ಒಯ್ಯುವವರಿಗೆ ನಾನು ಶುಗರ್ ಟೆಸ್ಟ್ ಮಾಡಿಸಿ ಅನ್ನುವುದು ಇದಕ್ಕೇ. ಬೇಜಾರು ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಲಿ.

ವರ್ಷಗಟ್ಟಲೆ ಹೀಗೇ ಬಿಟ್ಟರೆ ಮೂತ್ರಚೀಲದ ನರಗಳು ಮಂದವಾಗುತ್ತವೆ. ತುಂಬಿದ್ದು ಗೊತ್ತಾಗುವುದಿಲ್ಲ, ಪೂರ್ತಿ ಖಾಲಿಯೂ ಆಗುವುದಿಲ್ಲ. "ವಯಸ್ಸಾಯ್ತು, ಪ್ರೊಸ್ಟೇಟು" ಎಂದು ತಾವೇ ತೀರ್ಮಾನ ಮಾಡಿಬಿಡುತ್ತಾರೆ. ಪ್ರೊಸ್ಟೇಟ್ ಗ್ರಂಥಿ ದಪ್ಪಗಾಗಿದ್ದೂ ಇರಬಹುದು. ಆದರೆ ಹೊಟ್ಟೆ ಬಂದವರಲ್ಲಿ, ಶುಗರ್ ಇದ್ದವರಲ್ಲಿ ಆ ತೊಂದರೆಯೂ ಜಾಸ್ತಿಯೇ.

ಹೊಟ್ಟೆಯ ಕೊಬ್ಬು ಸುಮ್ನೆ ಕೂತಿರುವುದಿಲ್ಲ. ಅದರಲ್ಲಿ ಅರೋಮಟೇಸ್ ಎಂಬ ಕಿಣ್ವ ಇದೆ. ಅದು ಗಂಡಸಿನ ಹಾರ್ಮೋನ್ ಟೆಸ್ಟೋಸ್ಟಿರಾನನ್ನು ಹೆಂಗಸಿನ ಹಾರ್ಮೋನ್ ಈಸ್ಟ್ರೋಜನ್ ಆಗಿ ಬದಲಿಸುತ್ತದೆ. ವೀರ್ಯದ ಗುಣವೂ ಕುಗ್ಗಬಹುದು. ಮಕ್ಕಳಾಗಲಿಲ್ಲ ಎಂದು ಹೆಂಡತಿಯನ್ನು ಹುಬ್ಬಳ್ಳಿಗೂ ಮಣಿಪಾಲಕ್ಕೂ ಕರೆದುಕೊಂಡು ಅಲೆದವರು ತಮ್ಮ ಒಂದು ಪರೀಕ್ಷೆಗೆ ಒಪ್ಪುವುದಿಲ್ಲ. ಇದು ಅನ್ಯಾಯ. ಒಂದು ವೀರ್ಯ ಪರೀಕ್ಷೆ, ಒಂದು ಶುಗರ್ ಪರೀಕ್ಷೆ. ಇವನ್ನು ಮೊದಲೇ ಮಾಡಿಸಿದ್ದರೆ ಆ ಹೆಣ್ಣುಮಗಳ ಎಷ್ಟು ಕಣ್ಣೀರು ಉಳಿಯುತ್ತಿತ್ತು.

ಎಲ್ಲ ಮಾತ್ರೆಗಳೂ ನಿರಪರಾಧಿ ಎಂದು ನಾನು ಹೇಳುತ್ತಿಲ್ಲ. ಬಿಪಿಗೆ ಕೊಡುವ ಕೆಲವು ಬೀಟಾ ಬ್ಲಾಕರ್, ನೀರಿಳಿಸುವ ಥಯಾಜೈಡ್ ಮಾತ್ರೆಗಳಿಂದ ಕೆಲವರಿಗೆ ಗಂಡಸ್ತನದ ತೊಂದರೆ ಆಗುವುದಿದೆ. ಹಾಗನ್ನಿಸಿದರೆ ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿ. ಬದಲಿಸಿ ಕೊಡುತ್ತಾರೆ. ನೀವೇ ನಿಲ್ಲಿಸಬೇಡಿ.

ಇಷ್ಟೆಲ್ಲ ಕೇಳುವವರಲ್ಲಿ ಒಬ್ಬರಾದರೂ "ಹಾಗಾದ್ರೆ ನನ್ನ ಹಾರ್ಟ್ ಹೇಗಿದೆ?" ಎಂದು ಕೇಳಬಾರದಾ? ಕೇಳಬೇಕಾದ ಪ್ರಶ್ನೆ ಅದು. ನಿಮಿರುವುದು ಅಂದರೆ ರಕ್ತ ತುಂಬುವುದು. ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಬಿಟ್ಟಾಗ ನಾಳ ಸಡಿಲವಾಗುತ್ತದೆ, ರಕ್ತ ಬರುತ್ತದೆ. ಶುಗರ್, ಬಿಪಿ, ಕೊಲೆಸ್ಟರಾಲ್, ಬೀಡಿ ಎಲ್ಲವೂ ಕೆಡಿಸುವುದು ಆ ಪದರವನ್ನೇ. ಅಲ್ಲಿನ ನಾಳ 1ರಿಂದ 2 ಮಿಲಿಮೀಟರ್. ಹೃದಯದ್ದು 3ರಿಂದ 4. ಸಣ್ಣದರಲ್ಲಿ ಮೊದಲು ಗೊತ್ತಾಗುತ್ತದೆ, ಅಲ್ವಾ? ಎಷ್ಟೋ ಜನರಿಗೆ ಎದೆನೋವು ಬರುವುದಕ್ಕೆ ಎರಡು ಮೂರು ವರ್ಷ ಮೊದಲೇ ಇಲ್ಲಿ ಸೂಚನೆ ಸಿಕ್ಕಿರುತ್ತದೆ. ನಾಚಿಕೆಯಿಂದ ಮುಚ್ಚಿಟ್ಟರೆ ಆ ಎರಡು ಮೂರು ವರ್ಷ ಸುಮ್ನೆ ಹೋಯಿತು.

ಸರಿಯಾಗುತ್ತದಾ? ಎಷ್ಟೋ ಜನರಿಗೆ ಆಗುತ್ತದೆ. 2004ರಲ್ಲಿ ಇಟಲಿಯ ವೈದ್ಯರು ಈ ತೊಂದರೆ ಇದ್ದ ದಪ್ಪ ಮೈಯ 110 ಗಂಡಸರ ಅಧ್ಯಯನ ಪ್ರಕಟಿಸಿದರು. ಅರ್ಧ ಜನರಿಗೆ ಊಟ, ನಡಿಗೆ ಕಲಿಸಿ ತೂಕ ಇಳಿಸಿದರು. ಎರಡು ವರ್ಷದಲ್ಲಿ ಅವರಲ್ಲಿ ಸುಮಾರು ಮೂರನೇ ಒಂದು ಭಾಗ ಜನ ಮೊದಲಿನಂತಾದರು. ನಮ್ಮ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್ ಒಳಗಿರಬೇಕು. ಹೊಕ್ಕಳ ಮಟ್ಟದಲ್ಲಿ ಟೇಪು ಹಿಡಿದು ನೋಡಿ. ಪ್ಯಾಂಟಿನ ನಂಬರ್ ನಂಬಬೇಡಿ. ಅದನ್ನು ಹೊಟ್ಟೆಯ ಕೆಳಗೆ ಕಟ್ಟಿರುತ್ತೀರಿ.

ಇನ್ನು "ಆ ನೀಲಿ ಮಾತ್ರೆ ಒಂದು ಕೊಡಿ" ಅನ್ನುವವರಿಗೆ. ಎದೆನೋವಿಗೆ ಸಾರ್ಬಿಟ್ರೇಟ್ ಮಾತ್ರೆ ಇಟ್ಟುಕೊಂಡವರು ಆ ನೀಲಿ ಮಾತ್ರೆ, ಅಂದರೆ ನಿಮಿರಲಿಕ್ಕೆ ಕೊಡುವ ಸಿಲ್ಡೆನಾಫಿಲ್, ನುಂಗಿದರೆ ಬಿಪಿ ಒಮ್ಮೆಲೇ ಕುಸಿಯುತ್ತದೆ. ಜೀವವೇ ಹೋಗಬಹುದು. ಇಲ್ಲಿಂದ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ನೂರು ಕಿಲೋಮೀಟರ್. ಮಣಿಪಾಲ ಅದಕ್ಕಿಂತ ದೂರ. ಡಾಕ್ಟರ ಚೀಟಿ ತನ್ನಿ, ಕೊಡುತ್ತೇನೆ. ಚೀಟಿ ಇಲ್ಲದೆ ನಿಮಗೂ ಇಲ್ಲ, ನಿಮ್ಮ ಸ್ನೇಹಿತರಿಗೂ ಇಲ್ಲ.