ನಾಲ್ಕು ಇಂಚು ಕಡಿಮೆ

ಆ ಶನಿವಾರ ಕೌದಿಯ ಮೇಲ್ಪದರವನ್ನು ನೆಲದ ಮೇಲೆ ಹರಡಿ ಅಳೆದೆವು. ಅಂಚಿನ ಹೊಲಿಗೆಗೆ ಹೋಗುವುದನ್ನು ಬಿಟ್ಟರೆ ಟೇಪು 76 ಇಂಚಿಗೆ ನಿಂತಿತು. 80 ಇರಬೇಕಿತ್ತು. ಅಗಲ ನೋಡಿದರೆ 57. ಅಲ್ಲಿ 60 ಬೇಕು. ಹನ್ನೊಂದು ಜನ ಬೆಳಗ್ಗೆಯಿಂದ ಬೆನ್ನು ಬಗ್ಗಿಸಿ ಹೊಲಿದದ್ದು ಅದು. ಅವರ ಹೊಲಿಗೆಯಲ್ಲಿ ತಪ್ಪಿರಲಿಲ್ಲ. ತುಂಡುಗಳನ್ನು ಕತ್ತರಿಸಿ ಕೊಟ್ಟವಳು ನಾನು.

ನಮ್ಮ ಚರ್ಚಿನ ಸಭೆಯ ಹೆಂಗಸರು ತಿಂಗಳಿಗೊಂದು ಶನಿವಾರ ಒಟ್ಟಿಗೆ ಕೂತು ಕೌದಿ ಹೊಲಿಯುತ್ತೇವೆ. ಯುದ್ಧಕ್ಕೋ ನೆರೆಗೋ ಮನೆ ಕಳೆದುಕೊಂಡು ಡೇರೆಗಳಲ್ಲಿ ಇರುವವರಿಗೆ ಅವು ಹೋಗುತ್ತವೆ. 60ಕ್ಕೆ 80 ಅನ್ನುವುದು ನಾವು ಮಾಡಿಕೊಂಡ ಲೆಕ್ಕವಲ್ಲ. ಎರಡನೇ ಮಹಾಯುದ್ಧದಲ್ಲಿ ನಲುಗಿದ ಯುರೋಪಿನ ಜನರಿಗೆ ನೆರವಾಗಲು 1945ರಲ್ಲಿ ಲೂಥರನ್ ವರ್ಲ್ಡ್ ರಿಲೀಫ್ ಅನ್ನುವ ಸಂಸ್ಥೆ ಶುರುವಾಯಿತು. ಸಭೆಗಳಲ್ಲಿ ಹೊಲಿದ ಕೌದಿಗಳಿಗೆ ಅವರು ಕೇಳುವ ಅಳತೆ ಅದು. ನಾವೂ ಅದನ್ನೇ ಇಟ್ಟುಕೊಂಡಿದ್ದೇವೆ. ಆ ಅಳತೆಯ ಹಿಂದೆ ಕಾರಣವಿದೆ. ಡೇರೆಯಲ್ಲಿ ಕೌದಿ ಹೊದಿಯುವುದಕ್ಕಷ್ಟೇ ಅಲ್ಲ, ಹಾಸುವುದಕ್ಕೂ ಬೇಕು. ಒಂದೇ ಡೇರೆಯಲ್ಲಿ ಎರಡು ಕುಟುಂಬ ಇದ್ದರೆ ನಡುವೆ ಪರದೆಯಾಗಿ ಕಟ್ಟಬೇಕು. ಮತ್ತೆ ಹೊರಡುವ ದಿನ ಬಂದರೆ ಇದ್ದಬದ್ದ ಸಾಮಾನನ್ನೆಲ್ಲ ಅದರಲ್ಲೇ ಮೂಟೆ ಕಟ್ಟಿ ಹೊರಬೇಕು.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ತಪ್ಪಿದೆ.

ನಾವು ಒಂದು ಕೌದಿಗೆ 48 ಚೌಕ ಹಾಕುತ್ತೇವೆ. ಅಡ್ಡಕ್ಕೆ ಆರು, ಉದ್ದಕ್ಕೆ ಎಂಟು. ಹೊಲಿದಾದ ಮೇಲೆ ಪ್ರತಿ ಚೌಕವೂ ಹತ್ತು ಇಂಚು ಉಳಿಯಬೇಕು. ಹೊಲಿಗೆಗೆ ಒಂದೊಂದು ಬದಿಯಲ್ಲೂ ಕಾಲು ಇಂಚು ಹೋಗುತ್ತದೆ. ಹಾಗಾಗಿ ಹತ್ತೂವರೆ ಇಂಚಿಗೆ ಕತ್ತರಿಸಬೇಕು. ನಾನು ಹಿಂದಿನ ರಾತ್ರಿ ಬೇರೆ ಏನೋ ಯೋಚಿಸುತ್ತಾ ಹತ್ತಕ್ಕೇ ಕತ್ತರಿಸಿಬಿಟ್ಟಿದ್ದೆ. ಅರ್ಧ ಇಂಚು ತಾನೇ ಅನ್ನಿಸಬಹುದು. ಎಂಟು ಸಲ ಅರ್ಧ ಇಂಚು ಅಂದರೆ ನಾಲ್ಕು ಇಂಚು.

ಅವತ್ತು ಬೆಳಗ್ಗೆ ಓದಿದ್ದು ಬೈಬಲಿನ ಅಪೊಸ್ತಲರ ಕೃತ್ಯಗಳು, 9ನೇ ಅಧ್ಯಾಯ. ಯೊಪ್ಪ ಅನ್ನುವ ಊರಿನ ತಬಿಥಾಳ ಕಥೆ. ಗ್ರೀಕಿನಲ್ಲಿ ಅವಳ ಹೆಸರು ದೊರ್ಕ. ಅವಳು ತೀರಿಕೊಂಡಾಗ ವಿಧವೆಯರೆಲ್ಲ ಯೇಸುವಿನ ಶಿಷ್ಯ ಪೇತ್ರನ ಹತ್ತಿರ ನಿಂತು ಅಳುತ್ತಾ, ಅವಳು ಮಾಡಿಕೊಟ್ಟ ಬಟ್ಟೆಗಳನ್ನು ಅವನಿಗೆ ತೋರಿಸುತ್ತಾರೆ. ಪೇತ್ರ ಪ್ರಾರ್ಥಿಸಿ ಅವಳನ್ನು ಸಾವಿನಿಂದ ಎಬ್ಬಿಸಿದ್ದು ದೊಡ್ಡ ವಿಷಯ, ನಿಜ. ಆದರೆ ನನ್ನ ಮನಸ್ಸು ಪ್ರತಿ ಸಲ ನಿಲ್ಲುವುದು ಆ ಬಟ್ಟೆಗಳ ಹತ್ತಿರ. ತಬಿಥಾ ಆಡಿದ ಒಂದು ಮಾತೂ ಬೈಬಲಿನಲ್ಲಿ ಇಲ್ಲ. ಅವಳು ಹೊಲಿದದ್ದನ್ನು ಕೈಯಲ್ಲಿ ಹಿಡಿದು ಅಳುವವರು ಇದ್ದಾರೆ, ಅಷ್ಟೇ. ಅವರು ತೋರಿಸಿದ ಹೊಲಿಗೆ ನೆಟ್ಟಗಿದ್ದಿರಬೇಕು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಅದನ್ನು ಓದಿ ಮೂರು ಗಂಟೆ ಕಳೆದಿರಲಿಲ್ಲ. ಅಷ್ಟರಲ್ಲಿ ನನ್ನ ಬಾಯಿಂದ ಬಂದ ಮಾತು: "ಹೋಗಲಿ ಬಿಡಿ, ನಾಲ್ಕು ಇಂಚು ಯಾರಿಗೆ ಗೊತ್ತಾಗುತ್ತೆ? ಕೊಡೋದಕ್ಕೆ ತಾನೇ."

ಯಾರೂ ಮಾತಾಡಲಿಲ್ಲ. ನಾವೆಲ್ಲ ದೊಡ್ಡಮ್ಮ ಅಂತ ಕರೆಯುವ ಹಿರಿಯರು ಒಬ್ಬರಿದ್ದಾರೆ. ಕಣ್ಣು ಮಂಜಾಗಿದೆ. ಸೂಜಿಗೆ ದಾರ ಬೇರೆಯವರೇ ಪೋಣಿಸಿಕೊಡಬೇಕು. ಆದರೆ ಅವರ ಟಾಕು ಈಗಲೂ ಸಾಲಾಗಿ ಬರುತ್ತವೆ. ಅವರು ನನ್ನನ್ನು ಗದರಲಿಲ್ಲ. "ಇಲ್ಲಿ ಬಾ, ಮಲಗು" ಅಂದರು. ಆ ಮೇಲ್ಪದರವನ್ನೇ ನನ್ನ ಮೇಲೆ ಹೊದಿಸಿದರು. "ಈಗ ತುಂಬ ಚಳಿ ಅಂದ್ಕೋ. ಏನು ಮಾಡ್ತೀಯ?"

ನಾನು ಅದನ್ನು ತಲೆಯ ಮೇಲೆ ಎಳೆದುಕೊಂಡೆ. ಕಾಲು ಬೆಚ್ಚಗಿರಲಿ ಅಂತ ತುದಿಯನ್ನು ಪಾದದ ಅಡಿಗೆ ಮಡಚಿಕೊಳ್ಳಲು ಹೋದೆ. ಮಡಚಲು ಸಾಕಷ್ಟು ಬಟ್ಟೆ ಉಳಿದಿರಲಿಲ್ಲ. ದೊಡ್ಡಮ್ಮ ನಿಧಾನವಾಗಿ ಹೇಳಿದರು: "ಯೆಶಾಯನ ಪುಸ್ತಕದಲ್ಲಿ ಇದೆ ಕಣಮ್ಮ. ಕಾಲು ಚಾಚೋಕೆ ಹಾಸಿಗೆ ಸಾಲದು, ಸುತ್ತಿಕೊಳ್ಳೋಕೆ ಹೊದಿಕೆ ಸಾಲದು ಅಂತ. ಕಷ್ಟ ಎಷ್ಟಿರುತ್ತೆ ಅಂತ ಹೇಳೋಕೆ ಪ್ರವಾದಿ ಹುಡುಕಿದ ಮಾತು ಅದು."

ಆಮೇಲೆ ಮನೆಗೆ ಬಂದು ಬೈಬಲ್ ತೆಗೆದು ನೋಡಿದೆ. 28ನೇ ಅಧ್ಯಾಯ, 20ನೇ ವಚನ. ಎಷ್ಟೋ ಸಲ ಓದಿ ದಾಟಿಹೋಗಿದ್ದ ಸಾಲು.

ದೊಡ್ಡಮ್ಮ ಆ ಮಾತು ಹೇಳಿದಾಗಲೇ ನನಗೆ ಅಳುವೇ ಬಂದುಬಿಟ್ಟಿತ್ತು. ಅಳತೆ ತಪ್ಪಿದ್ದಕ್ಕಲ್ಲ, ಅದು ಯಾರಿಗಾದರೂ ಆಗುತ್ತದೆ. 'ಕೊಡೋದಕ್ಕೆ ತಾನೇ' ಅಂದೆನಲ್ಲ, ಅದಕ್ಕೆ. ನನ್ನ ಮಗುವಿನ ಹಾಸಿಗೆಗೆ ಹೊಲಿಯುತ್ತಿದ್ದರೆ ಆ ಮಾತು ಬರುತ್ತಿತ್ತಾ? ಬಟ್ಟೆಯಿಲ್ಲದವರಿಗೆ 'ಹೋಗಿ, ಬೆಚ್ಚಗಿರಿ' ಅಂತ ಬಾಯಲ್ಲಿ ಹೇಳಿ ಬೇಕಾದದ್ದನ್ನು ಕೊಡದಿದ್ದರೆ ಏನು ಬಂತು ಅಂತ ಯಾಕೋಬ ಬೈಬಲಿನಲ್ಲಿರುವ ತನ್ನ ಪತ್ರದಲ್ಲಿ ಕೇಳುತ್ತಾನೆ. ನಾನು ಕೊಡುವವರ ಸಾಲಿನಲ್ಲೇ ಕೂತು, ಕೈಯಲ್ಲಿ ಸೂಜಿ ಹಿಡಿದು, ಆ ಮಾತನ್ನೇ ಇನ್ನೊಂದು ರೀತಿಯಲ್ಲಿ ಹೇಳಿದ್ದೆ.

ಬಿಚ್ಚುವುದು ಬೇಡ ಅಂತ ತೀರ್ಮಾನವಾಯಿತು. ಬಿಚ್ಚಿದರೂ ತುಂಡುಗಳು ದೊಡ್ಡದಾಗುವುದಿಲ್ಲ, ಅಲ್ವಾ? ಸುತ್ತಲೂ ಪಟ್ಟಿ ಕೊಡೋಣ ಅಂದವರು ಮೆಷಿನ್ ತುಳಿಯುತ್ತಿದ್ದ ಅಕ್ಕ. ಎರಡೂವರೆ ಇಂಚಿನ ಪಟ್ಟಿ ಕತ್ತರಿಸಿದರೆ ಹೊಲಿಗೆ ಕಳೆದು ಎರಡು ಉಳಿಯುತ್ತದೆ. ನಾಲ್ಕು ಕಡೆ ಕೊಟ್ಟರೆ ಉದ್ದ ಸರಿಯಾಗಿ 80, ಅಗಲ 61. ಕಡುನೀಲಿ ಹತ್ತಿ ಬಟ್ಟೆ ಇತ್ತು. ಈ ಸಲ ನಾನು ಎರಡೆರಡು ಬಾರಿ ಅಳೆದು ಕತ್ತರಿಸಿದೆ. ಬೇರೆ ಬೇರೆ ಬಣ್ಣದ ಚೌಕಗಳ ಸುತ್ತ ಆ ನೀಲಿ ಕೂತಾಗ, ಮೊದಲಿಂದಲೂ ಹಾಗೇ ಯೋಚಿಸಿದ್ದೇನೋ ಅನ್ನುವಂತೆ ಕಾಣಿಸಿತು.

ಆಮೇಲೆ ಗಂಟು ಹಾಕುವ ಕೆಲಸ. ನನಗೆ ತುಂಬ ಇಷ್ಟವಾದ ಭಾಗ ಇದು. ಕೆಳಗೆ ಅಸ್ತರು, ನಡುವೆ ಹತ್ತಿಯ ಪದರ, ಮೇಲೆ ಚೌಕಗಳು. ಮೂರನ್ನೂ ದಪ್ಪ ದಾರದಿಂದ ಕೂಡಿಸಿ ಗಂಟು ಬಿಗಿಯಬೇಕು. ಇಲ್ಲದಿದ್ದರೆ ಒಗೆದಾಗ ಒಳಗಿನ ಹತ್ತಿ ಒಂದು ಕಡೆ ಮುದ್ದೆಯಾಗುತ್ತದೆ. ಚೌಕಗಳ ಮೂಲೆ ಸೇರುವಲ್ಲಿ 35, ಪ್ರತಿ ಚೌಕದ ನಡುವೆ ಒಂದರಂತೆ 48. ಒಟ್ಟು 83 ಗಂಟು. ಮೊದಲು ಬಲ ಎಳೆಯನ್ನು ಎಡದ ಮೇಲೆ ತರಬೇಕು, ಆಮೇಲೆ ಎಡದ್ದನ್ನು ಬಲದ ಮೇಲೆ. ಎರಡು ಸಲವೂ ಒಂದೇ ಕಡೆಗೆ ತಂದರೆ ಗಂಟು ಜಾರುತ್ತದೆ. ನಾವು ನಾಲ್ಕೂ ಬದಿಗೆ ಕೂತು ಒಳಗಿನ ಕಡೆಗೆ ಬರುತ್ತೇವೆ. ಒಂದೊಂದು ಗಂಟಿಗೂ ಒಂದು ಪ್ರಾರ್ಥನೆ. ಮನಸ್ಸಿನಲ್ಲೇ. ಯಾರ ಹೆಸರೂ ಗೊತ್ತಿರುವುದಿಲ್ಲವಾದ್ದರಿಂದ ನಾನು 'ಇದನ್ನು ಹೊದ್ದವರಿಗೆ ಈ ರಾತ್ರಿ ನಿದ್ದೆ ಬರಲಿ ಕರ್ತನೇ' ಅನ್ನುತ್ತೇನೆ. ಒಬ್ಬಳೇ ಮಂಡಿಯೂರಿ ಕೂತಾಗ ಎಲ್ಲೆಲ್ಲೋ ಓಡುವ ಮನಸ್ಸು, ಬೆರಳಿಗೆ ಕೆಲಸ ಇದ್ದಾಗ ಸುಮ್ನೆ ಒಂದು ಕಡೆ ನಿಲ್ಲುತ್ತದೆ.

ನಮ್ಮ ಜೊತೆ ಹೊಸದಾಗಿ ಬಂದ ಹುಡುಗಿ ಒಬ್ಬಳು ಕೇಳಿದಳು, "ದೊಡ್ಡಮ್ಮ, ನಡುವೆ ಒಂದು ಶಿಲುಬೆ ಹೊಲಿಯೋಣ್ವಾ?"

"ಬೇಡಮ್ಮ. ಹೊದ್ದುಕೊಳ್ಳೋರು ಯಾರೋ, ಅವರು ಯಾರನ್ನ ಬೇಡ್ಕೊಳ್ತಾರೋ. ಇದು ನಂದು ಅಂತ ಅವರಿಗೆ ಅನ್ನಿಸ್ಬೇಕು."

ಹುಡುಗಿಗೆ ಸ್ವಲ್ಪ ಬೇಜಾರಾಯಿತು. ನನಗೆ ದೊಡ್ಡಮ್ಮನ ಮಾತೇ ಸರಿ ಅನ್ನಿಸಿತು. ನಂಬಿಕೆ ಇರುವುದರಿಂದಲೇ ನಾವು ಅಲ್ಲಿ ಕೂತಿದ್ದೇವೆ. ಅದನ್ನು ಒಪ್ಪಿಕೊಂಡರೆ ಮಾತ್ರ ಬೆಚ್ಚಗಿರಬಹುದು ಅಂತ ಚಳಿಯಲ್ಲಿ ಇರುವವರಿಗೆ ಅನ್ನಿಸಬಾರದು.

ಕೊನೆಯ ಗಂಟು ಬಿಗಿಯುವಾಗ ಸಂಜೆಯಾಗಿತ್ತು. ಎಲ್ಲರೂ ಕೌದಿಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆವು. ಮಡಚಿ ಕಟ್ಟಿಟ್ಟೆವು. ದಾರದ ಚೂರು ಗುಡಿಸಿ ಹೊರಡುವಾಗ ದೊಡ್ಡಮ್ಮ ನನ್ನನ್ನು ಕರೆದರು. ಹಳೆಯ ರಟ್ಟಿನ ಪೆಟ್ಟಿಗೆಯಿಂದ ಒಂದು ಚೌಕ ಕತ್ತರಿಸಿಟ್ಟಿದ್ದರು. ಅದರ ಮೇಲೆ ಪೆನ್ಸಿಲಿನಲ್ಲಿ ದಪ್ಪ ಅಕ್ಷರದಲ್ಲಿ 'ಹತ್ತೂವರೆ' ಅಂತ ಬರೆದಿತ್ತು.

"ಮುಂದಿನ ತಿಂಗಳಿಗೂ ನೀನೇ ಕತ್ತರಿಸ್ಕೊಂಡು ಬಾ" ಅಂದರು.